ವಸಡಿನ ಬೇನೆಯೂ ರಕ್ತದ ಮೂಲಕೋಶಗಳೂ

ಹಲ್ಲುಜ್ಜುವಾಗ ವಸಡಿನಿಂದ ಒಸರುವ ರಕ್ತವನ್ನು ಅಲಕ್ಷಿಸುವವರೇ ಬಹಳ. ಆದರೆ ಈ ಬೇನೆ ಬಾಯಿಗಷ್ಟೇ ಸೀಮಿತವಾದುದಲ್ಲ. ಹಲ್ಲಿನ ಬುಡದ ಪಾಚಿಯಿಂದ ಕೆರಳಿದ ಉರಿಯೂತದ ಪ್ರಭಾವವು ರಕ್ತದ ಮೂಲಕ ಎಲುಬಿನೊಳಗಿನ ಮಜ್ಜೆಯನ್ನೂ ಮುಟ್ಟಬಲ್ಲದು. ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳ ನೆಲೆ ಅದೇ. ರಕ್ತದಲ್ಲಿ ಸಂಚರಿಸುತ್ತ ನಾಳಗಳ ದುರಸ್ತಿಗೆ ನೆರವಾಗುವ ಕೋಶಗಳು ವಸಡುರೋಗಿಗಳಲ್ಲಿ ಹೆಚ್ಚಾಗಿರುವುದನ್ನು ಕೆಲವು ಅಧ್ಯಯನಗಳು ಗುರುತಿಸಿವೆ.

2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಸಡುರೋಗವಿದ್ದ ಇಲಿಗಳ ಮಜ್ಜೆಯನ್ನು ಆರೋಗ್ಯವಂತ ಇಲಿಗಳಿಗೆ ಕಸಿಮಾಡಲಾಯಿತು. ಬಳಿಕ ಅವುಗಳಲ್ಲಿ ಸಂಧಿವಾತವನ್ನು ಉಂಟುಮಾಡಿದಾಗ ಅದು ಹೆಚ್ಚು ಉಲ್ಬಣಿಸಿತು. ಉರಿಯೂತದ ನೆನಪು ಮಜ್ಜೆಯಲ್ಲಿ ಉಳಿದಿತ್ತು.

ರಾಯಚೂರು ನಗರದಲ್ಲಿ ದಂತವೈದ್ಯಕೀಯ ಮಹಾವಿದ್ಯಾಲಯಗಳಿವೆ. ದೇವದುರ್ಗ, ಮಾನ್ವಿಯ ಹಳ್ಳಿಗಳವರೂ ಹಲ್ಲು ಅಲುಗಾಡುವವರೆಗೆ ಕಾಯದೆ, ವಸಡಿನಲ್ಲಿ ರಕ್ತ ಕಂಡಾಗಲೇ ಚಿಕಿತ್ಸೆ ಪಡೆಯುವುದು ಲೇಸು.