ಆಫೀಸು ಮುಚ್ಚಿದ ಮೇಲೆ ಕಂಪ್ಯೂಟರುಗಳಿಗೆ ಕೆಲಸ

ಸೋಮನಾಥಪುರದ ಕೇಶವ ದೇವಾಲಯವನ್ನು ಮೂರು ಆಯಾಮದಲ್ಲಿ ಕಂಪ್ಯೂಟರಿಗೆ ಇಳಿಸಬೇಕು ಎಂದುಕೊಳ್ಳಿ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಈ ಗುಡಿ 2023ರಲ್ಲಿ ಬೇಲೂರು, ಹಳೇಬೀಡುಗಳ ಜತೆ ವಿಶ್ವಪರಂಪರೆಯ ಪಟ್ಟಿ ಸೇರಿತು. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣ ಕಥೆ, ಮಕರ, ಹಂಸ. ಇದ್ಯಾವುದೂ ತಪ್ಪಿಹೋಗದಂತೆ ಸುತ್ತಲೂ 2,000 ಫೋಟೊ ತೆಗೆದಿರೆನ್ನಿ. ಒಂದೇ ಆನೆಯ ಸೊಂಡಿಲು ಯಾವ ಯಾವ ಫೋಟೊದಲ್ಲಿದೆ ಎಂದು ಹುಡುಕಲು ಪ್ರತಿಯೊಂದನ್ನೂ ಉಳಿದೆಲ್ಲದರ ಜತೆ ಹೋಲಿಸಿದರೆ 19,99,000 ಜೋಡಿಗಳಾಗುತ್ತವೆ. ಜೋಡಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿದರೂ ಒಂದು ಕಂಪ್ಯೂಟರಿಗೆ 55 ಗಂಟೆಗೂ ಹೆಚ್ಚಿನ ಕೆಲಸ.

ಮೈಸೂರಿನ ಒಂದು ಸಣ್ಣ ಕಂಪನಿ ಇದನ್ನು ಒಪ್ಪಿಕೊಂಡರೆ ಮೊದಲು ಹೊಳೆಯುವುದು ದೊಡ್ಡ ಸರ್ವರ್ ಕೊಳ್ಳುವ ಯೋಚನೆ. ಆದರೆ ಸಂಜೆ ಏಳರ ಮೇಲೆ ಅದೇ ಆಫೀಸಿನಲ್ಲಿ ಐವತ್ತು ಕಂಪ್ಯೂಟರುಗಳು ಸುಮ್ಮನೆ ಕೂತಿರುತ್ತವೆ. ಒಂದು ಜೋಡಿಯ ಹೋಲಿಕೆಗೆ ಇನ್ನೊಂದರ ಫಲಿತಾಂಶ ಬೇಕಿಲ್ಲ. ಹಾಗಾಗಿ ಐವತ್ತಕ್ಕೂ ಹಂಚಿದರೆ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಹೀಗೆ ಒಂದು ಕೆಲಸವನ್ನು ಜಾಲದಲ್ಲಿರುವ ಹಲವು ಯಂತ್ರಗಳಿಗೆ ಹಂಚುವುದೇ ಗ್ರಿಡ್ ಕಂಪ್ಯೂಟಿಂಗ್. ಅದರಿಂದ ಕಂಪನಿಗಳಿಗೆ ಹಣ ಉಳಿಯುವುದು ಮುಖ್ಯವಾಗಿ ಈ ದಾರಿಯಲ್ಲಿ: ಈಗಾಗಲೇ ದುಡ್ಡು ಕೊಟ್ಟು ತಂದ ಯಂತ್ರವನ್ನು ಪೂರ್ತಿ ದುಡಿಸಿಕೊಳ್ಳುವುದು.

ಹೀಗೆ ಹಂಚುವ ತಂತ್ರಾಂಶ ಹೊಸದೇನಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಹುಟ್ಟಿದ 'ಕಾಂಡರ್' ಇಂದಿಗೂ ಉಚಿತವಾಗಿ ಸಿಗುತ್ತದೆ. ಅದರ ನಡವಳಿಕೆ ನನಗೆ ಬಹಳ ಮೆಚ್ಚುಗೆ. ಯಾವ ಯಂತ್ರ ಬಿಡುವಾಗಿದೆ, ಅದರ ಮೆಮೊರಿ ಎಷ್ಟು ಎಂದು ನೋಡಿ, ಕೆಲಸಕ್ಕೆ ತಕ್ಕದ್ದನ್ನು ಗೊತ್ತು ಮಾಡುತ್ತದೆ. ಯಂತ್ರದ ಯಜಮಾನ ಬಂದು ಕೀಲಿಮಣೆ ಮುಟ್ಟಿದರೆ ತಕ್ಷಣ ಜಾಗ ಬಿಡುತ್ತದೆ. ಕೆಲಸವನ್ನು ಅದಕ್ಕೆ ಹೊಂದುವಂತೆ ಸಿದ್ಧಪಡಿಸಿದ್ದರೆ ಅಲ್ಲಿಯವರೆಗಿನ ಲೆಕ್ಕವನ್ನು ಉಳಿಸಿಕೊಂಡು ಬೇರೊಂದು ಯಂತ್ರದಲ್ಲಿ ಮುಂದುವರಿಸಬಹುದು.

ಇಂಟೆಲ್ ಕಂಪನಿ 1990ರಿಂದಲೇ 'ನೆಟ್‌ಬ್ಯಾಚ್' ಎಂಬ ತನ್ನದೇ ವ್ಯವಸ್ಥೆಯಿಂದ ಚಿಪ್ ವಿನ್ಯಾಸದ ಲೆಕ್ಕಗಳನ್ನು ಯಂತ್ರಗಳಿಗೆ ಹಂಚುತ್ತ ಬಂದಿದೆ. ಚಿಪ್ ತಯಾರಾಗುವ ಮೊದಲೇ ಅದರ ವರ್ತನೆಯನ್ನು ಅಸಂಖ್ಯ ಬಿಡಿಬಿಡಿ ಪರೀಕ್ಷೆಗಳಿಗೆ ಒಡ್ಡಬೇಕಾಗುತ್ತದೆ, ಹಂಚಿಕೆಗೆ ಹೇಳಿಮಾಡಿಸಿದ ಕೆಲಸ. ಈ ಹೊರೆಯನ್ನು ಊಹಿಸಲು ಒಂದು ಅಂಕಿ ಸಾಕು: ಆ ಕಂಪನಿಯ ಬೆಂಗಳೂರು ತಂಡ ವಿನ್ಯಾಸ ಮಾಡಿ 2008ರಲ್ಲಿ ಹೊರಬಂದ ಆರು ಕೋರ್‌ಗಳ ಕ್ಸಿಯಾನ್ 7400 ಚಿಪ್‌ನಲ್ಲಿ 190 ಕೋಟಿ ಟ್ರಾನ್ಸಿಸ್ಟರುಗಳಿದ್ದವು.

ವಿದ್ಯುತ್ತಿನಂತೆ ಲೆಕ್ಕದ ಶಕ್ತಿಯೂ ಜಾಲದಲ್ಲಿ ಹರಿದು ಬರಲಿ ಎಂಬ ಕನಸನ್ನು 1990ರ ದಶಕದ ಕೊನೆಗೆ ಕಂಪ್ಯೂಟರ್ ವಿಜ್ಞಾನಿಗಳಾದ ಇಯಾನ್ ಫಾಸ್ಟರ್ ಮತ್ತು ಕಾರ್ಲ್ ಕೆಸೆಲ್‌ಮನ್ ಮುಂದಿಟ್ಟರು. ನಮ್ಮ ಕಡೆಯವರಿಗೆ ಈ ಮಾತು ಬೇಗ ಮನಸ್ಸಿಗೆ ಬರಬೇಕು. ಸೋಮನಾಥಪುರದಿಂದ ಕಾವೇರಿಯ ಜಾಡು ಹಿಡಿದು ಕೆಳಗೆ ಹೋದರೆ ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿ ಹಾದು ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಮುಟ್ಟಿತು. ಶಕ್ತಿ ಬೇಕಾದಲ್ಲೇ ಅದನ್ನು ಉತ್ಪಾದಿಸಬೇಕೆಂಬ ಕಟ್ಟು ಅಲ್ಲಿಗೆ ಸಡಿಲವಾಯಿತು. ಒಂದು ಶತಮಾನದ ನಂತರ ಲೆಕ್ಕದ ಶಕ್ತಿಗೂ ಅಂಥದ್ದೇ ಜಾಲ ಬಂತು: ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 'ಗರುಡ' ಎಂಬ ರಾಷ್ಟ್ರೀಯ ಗ್ರಿಡ್ ಕಟ್ಟಿ, ಮೊದಲ ಹಂತದಲ್ಲೇ 17 ನಗರಗಳ 45 ಸಂಸ್ಥೆಗಳನ್ನು ಜೋಡಿಸಿತು.

ಉಳಿತಾಯದ ಲೆಕ್ಕ ಹಾಕುವಾಗ ಖರ್ಚನ್ನೂ ಬರೆದುಕೊಳ್ಳಬೇಕು. ರಾತ್ರಿಯಿಡೀ ಪೂರ್ತಿ ದುಡಿಯುವ ಯಂತ್ರ ಸುಮ್ಮನಿದ್ದಾಗಿನದಕ್ಕಿಂತ ಹೆಚ್ಚು ವಿದ್ಯುತ್ ಎಳೆಯುತ್ತದೆ. ಕೆಲವು ತಂತ್ರಾಂಶಗಳಿಗೆ ಯಂತ್ರಕ್ಕೊಂದು ಲೈಸೆನ್ಸ್ ಬೇಕು, ಐವತ್ತು ಕೊಳ್ಳುವ ಹೊತ್ತಿಗೆ ಸರ್ವರೇ ಅಗ್ಗವಾದೀತು. ಗ್ರಾಹಕರ ಗುಟ್ಟಿನ ಮಾಹಿತಿ ಕಂಡಕಂಡವರ ಮೇಜಿನ ಯಂತ್ರದಲ್ಲಿ ಓಡಾಡುವುದೂ ತರವಲ್ಲ. ಇನ್ನು ಜಾಲದ ಹೊರೆ: ಫೋಟೊ ಒಂದಕ್ಕೆ 20 ಮೆಗಾಬೈಟ್ ಎಂದರೆ 2,000ಕ್ಕೆ 40 ಗಿಗಾಬೈಟ್. ಅಷ್ಟನ್ನೂ ಐವತ್ತು ಕಡೆ ಕಳಿಸುತ್ತ ಕೂತರೆ ಉಳಿಸಿದ ಸಮಯ ಅಲ್ಲೇ ಕರಗುತ್ತದೆ. ಫೋಟೊಗಳಿಂದ ಗುರುತಿನ ಬಿಂದುಗಳನ್ನು ಮೊದಲೇ ಆರಿಸಿ, ಅಷ್ಟನ್ನೇ ಹಂಚುವುದು ಜಾಣತನ.

ಹೋಲಿಕೆ ಮುಗಿದ ಮೇಲೆ ಒಂದು ಘಟ್ಟ ಉಳಿಯುತ್ತದೆ. 2,000 ಕ್ಯಾಮೆರಾ ಸ್ಥಾನಗಳನ್ನೂ ಲಕ್ಷಾಂತರ ಬಿಂದುಗಳನ್ನೂ ಒಟ್ಟಿಗೆ ಸರಿಹೊಂದಿಸಬೇಕು. ಒಂದು ಬಿಂದು ಅಲುಗಿದರೆ ಉಳಿದವೂ ಅಲುಗುತ್ತವೆ, ಅದನ್ನು ಬಿಡಿಬಿಡಿಯಾಗಿ ಹಂಚುವುದು ಕಷ್ಟ. ಇದಕ್ಕೆ ಮೆಮೊರಿ ಜಾಸ್ತಿ ಇರುವ ಒಂದೇ ಯಂತ್ರವನ್ನು ಕ್ಲೌಡ್‌ನಲ್ಲಿ ಬೇಕಾದಷ್ಟು ಗಂಟೆಗೆ ಮಾತ್ರ ಬಾಡಿಗೆಗೆ ಹಿಡಿದರೆ ಸಾಕು.