ತಂತಿಯಿಲ್ಲದ ಸಂಬಂಧ ಕಡಿಯುವುದೇಕೆ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ವಿದ್ಯಾರ್ಥಿಗಳಿಂದ ಈಚೆಗೆ ನಾವು ಒಂದೇ ಬಗೆಯ ದೂರನ್ನು ಮೇಲಿಂದ ಮೇಲೆ ಕೇಳುತ್ತಿದ್ದೇವೆ. ಕಂಪ್ಯೂಟರಿನಲ್ಲಿ ಆಟವಾಡಲೆಂದು ತಂತಿಯಿಲ್ಲದ ಕಂಟ್ರೋಲರನ್ನು ಕೊಂಡು ತಂದಿರುತ್ತಾರೆ. ಅರ್ಧ ಗಂಟೆ ಅದು ಚೆನ್ನಾಗಿ ನಡೆಯುತ್ತದೆ. ಬಳಿಕ ಗುಂಡಿ ಒತ್ತಿದರೆ ತೆರೆಯ ಮೇಲಿನ ಆಟಗಾರ ತಡೆದು ತಡೆದು ಚಲಿಸುತ್ತಾನೆ. ಕೆಲವೊಮ್ಮೆ ಸಂಬಂಧವೇ ಕಡಿದುಹೋಗುತ್ತದೆ. ಮತ್ತೆ ಜೋಡಿಸಿದರೆ ಕೂಡುತ್ತದೆ, ಮತ್ತೆ ಕಡಿಯುತ್ತದೆ.

ಇದಕ್ಕೆ ಸುತ್ತಲಿನವರು ಕೊಡುವ ಕಾರಣಗಳು ಮೂರು: ಸಾಮಾನು ನಕಲಿ, ಕಂಪ್ಯೂಟರು ಹಳೆಯದು, ಮೊಬೈಲ್ ಟವರು ಹತ್ತಿರವಿದೆ. ಮೂರೂ ಬರಿಯ ಊಹೆಗಳು. ಊಹೆಯು ವಿಜ್ಞಾನದ ಮೊದಲ ಮೆಟ್ಟಿಲೇನೋ ಹೌದು. ಆದರೆ ಮೊದಲ ಮೆಟ್ಟಿಲಲ್ಲೇ ಕುಳಿತವನು ಮಾಳಿಗೆಯನ್ನು ಏರಲಾರ. ಒಳ್ಳೆಯ ಕಂಟ್ರೋಲರಿನ ಬೆಲೆ ಸಾವಿರಗಳ ಲೆಕ್ಕದ್ದು. ಲಿಂಬೆಯ ತೋಟವನ್ನೋ ತೊಗರಿಯ ಹೊಲವನ್ನೋ ನಂಬಿದ ಮನೆಯಲ್ಲಿ, ಕೆಡದೇ ಇರುವ ವಸ್ತುವನ್ನು ಕೆಟ್ಟಿತೆಂದು ಮೂಲೆಗೆ ಎಸೆದು ಇನ್ನೊಂದನ್ನು ಕೊಳ್ಳುವುದು ಸಣ್ಣ ನಷ್ಟವಲ್ಲ. ಆದುದರಿಂದ ಈ ಸಂಬಂಧವು ನಡೆಯುವ ಬಗೆಯನ್ನೂ ಕಡಿಯುವ ಬಗೆಯನ್ನೂ ಭೌತಶಾಸ್ತ್ರದ ದೃಷ್ಟಿಯಿಂದ ಸ್ವಲ್ಪ ವಿಚಾರಿಸೋಣ.

ಹೆಬ್ಬೆರಳಿನಿಂದ ತೆರೆಯವರೆಗೆ

ಕಂಟ್ರೋಲರಿನ ಮೇಲಿನ ಸಣ್ಣ ಹಿಡಿಯನ್ನು ಹೆಬ್ಬೆರಳಿನಿಂದ ಬಾಗಿಸಿದಾಗ ಅದರೊಳಗಿನ ವಿದ್ಯುತ್ ವಿಭವ ಬದಲಾಗುತ್ತದೆ. ಒಳಗಿನ ಮಂಡಲವು ಆ ವಿಭವವನ್ನು ಅಂಕೆಯಾಗಿ ಮಾರ್ಪಡಿಸಿ ರೇಡಿಯೊ ತರಂಗದ ಮೂಲಕ ಕಂಪ್ಯೂಟರಿಗೆ ಕಳುಹಿಸುತ್ತದೆ. ಆಟದ ಚಿತ್ರವು ಸೆಕೆಂಡಿಗೆ 60 ಸಲ ಬದಲಾಗುವುದಾದರೆ ಒಂದೊಂದು ಚಿತ್ರದ ಆಯುಷ್ಯ ಸುಮಾರು 17 ಮಿಲಿಸೆಕೆಂಡು ಮಾತ್ರ. ಅಷ್ಟರೊಳಗೆ ಸಂದೇಶ ಮುಟ್ಟಬೇಕು. ಹಾಡು ಕೇಳುವಾಗ ಮುಂದಿನ ಭಾಗವನ್ನು ಮೊದಲೇ ತರಿಸಿ ಕೂಡಿಟ್ಟುಕೊಳ್ಳಬಹುದು; ಆಟದಲ್ಲಿ ಹಾಗೆ ಮಾಡುವಂತಿಲ್ಲ, ಏಕೆಂದರೆ ಮುಂದಿನ ಕ್ಷಣದಲ್ಲಿ ಬೆರಳು ಏನು ಮಾಡುವುದೆಂದು ಯಾರೂ ಬಲ್ಲವರಲ್ಲ. ಆದುದರಿಂದಲೇ ಬೇರೆ ಉಪಕರಣಗಳಲ್ಲಿ ಗಮನಕ್ಕೂ ಬಾರದ ಸಣ್ಣ ತಡೆ ಇಲ್ಲಿ ದೊಡ್ಡ ಕಂಟಕವಾಗಿ ಕಾಣುತ್ತದೆ.

ಈ ತರಂಗಗಳ ಬಳಗ ನಮ್ಮ ದೇಶಕ್ಕೆ ಹೊಸದಲ್ಲ. ಆಚಾರ್ಯ ಜಗದೀಶಚಂದ್ರ ಬೋಸರು 1895ರಲ್ಲಿಯೇ ಕಲ್ಕತ್ತೆಯಲ್ಲಿ ಕಿರು ರೇಡಿಯೊ ತರಂಗಗಳನ್ನು ಗೋಡೆಯ ಆಚೆಗೆ ಕಳುಹಿಸಿ, ದೂರದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಸಿಡಿಸಿ ತೋರಿಸಿದ್ದರು. ಇಲ್ಲಿ ಇರುವವನಿಂದ ಅಲ್ಲಿಯ ಯಂತ್ರಕ್ಕೆ ತಂತಿಯಿಲ್ಲದೆ ಅಪ್ಪಣೆ ಹೋಗಬಲ್ಲದೆಂಬುದಕ್ಕೆ ಅದು ಸಾಕ್ಷಿ. ಇಂದಿನ ಕಂಟ್ರೋಲರೂ ಮೂಲದಲ್ಲಿ ಅದೇ ಕೆಲಸವನ್ನು ಮಾಡುತ್ತದೆ. ಅದರ ತರಂಗಗಳ ಆವೃತ್ತಿ ಸುಮಾರು 2.4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 240 ಕೋಟಿ ಕಂಪನಗಳು. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ತರಂಗದೂರ ಸುಮಾರು 12 ಸೆಂಟಿಮೀಟರು ಎಂದು ತಿಳಿಯುತ್ತದೆ. ಈ 12 ಸೆಂಟಿಮೀಟರನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅದು ಕೆಲಸಕ್ಕೆ ಬರುತ್ತದೆ.

ಆಕಾಶದ ಗಾಯರಾಣ

ನಮ್ಮ ಹಳ್ಳಿಗಳಲ್ಲಿ ಗಾಯರಾಣವೆಂಬುದುಂಟು. ಅದು ಯಾರೊಬ್ಬರ ಹೊಲವೂ ಅಲ್ಲ. ಊರಿನ ದನಗಳೆಲ್ಲ ಅಲ್ಲಿ ಮೇಯಬಹುದು. ರೇಡಿಯೊ ಆವೃತ್ತಿಗಳಲ್ಲಿಯೂ ಅಂಥ ಒಂದು ಪಟ್ಟಿ ಇದೆ. ಆಕಾಶವಾಣಿಗೆ, ಪೊಲೀಸರಿಗೆ, ಮೊಬೈಲ್ ಕಂಪನಿಗಳಿಗೆ ಸರಕಾರವು ಬೇರೆ ಬೇರೆ ಆವೃತ್ತಿಗಳನ್ನು ಹಂಚಿಕೊಟ್ಟಿದೆ. ಇನ್ನೊಬ್ಬರು ಅಲ್ಲಿ ಕಾಲಿಡುವಂತಿಲ್ಲ. ಆದರೆ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಕಡಮೆ ಶಕ್ತಿಯ ಉಪಕರಣಗಳನ್ನು ಬಳಸಲು ಪರವಾನಗಿ ಬೇಡವೆಂದು ಭಾರತ ಸರಕಾರವು 2005ರಲ್ಲಿ ನಿಯಮ ಮಾಡಿತು.

ಪರವಾನಗಿ ಇಲ್ಲವೆಂದ ಮೇಲೆ ರಕ್ಷಣೆಯೂ ಇಲ್ಲ. ವೈಫೈ ರೌಟರು, ಬ್ಲೂಟೂತ್ ಇಯರ್‌ಫೋನು, ತಂತಿಯಿಲ್ಲದ ಮೌಸು, ನೆರೆಮನೆಯ ಸ್ಪೀಕರು ಎಲ್ಲವೂ ಮೇಯುವುದು ಅಲ್ಲಿಯೇ. ಮೈಕ್ರೊವೇವ್ ಒಲೆಯು ಅಡಿಗೆ ಬಿಸಿಮಾಡುವುದೂ 2450 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅದರಿಂದ ಸೋರುವ ಅತ್ಯಲ್ಪ ಶಕ್ತಿಯೂ ಕಂಟ್ರೋಲರಿನ ಪಾಲಿಗೆ ದೊಡ್ಡ ಗದ್ದಲವೇ.

ಈ ಗದ್ದಲದಲ್ಲಿ ಮಾತು ಕೇಳಿಸುವುದು ಹೇಗೆ? ಸಂತೆಯಲ್ಲಿ ಇಬ್ಬರು ಮಾತಾಡಬೇಕಾದರೆ ಒಂದೋ ಗಟ್ಟಿಯಾಗಿ ಕೂಗಬೇಕು, ಇಲ್ಲವೇ ಗಲಾಟೆ ಕಡಮೆಯಿರುವ ಕಡೆಗೆ ಸರಿದುಕೊಳ್ಳಬೇಕು. ಬ್ಲೂಟೂತ್ ಎರಡನೆಯ ಮಾರ್ಗವನ್ನು ಹಿಡಿದಿದೆ. ಅದರ ಮೂಲ ವಿಧಾನದಲ್ಲಿ ಈ ಪಟ್ಟಿಯನ್ನು ಒಂದೊಂದು ಮೆಗಾಹರ್ಟ್ಸ್ ಅಗಲದ 79 ಓಣಿಗಳಾಗಿ ವಿಂಗಡಿಸಿ, ಸೆಕೆಂಡಿಗೆ 1600 ಸಲ ಓಣಿಯಿಂದ ಓಣಿಗೆ ಜಿಗಿಯುತ್ತಾರೆ. ಯಾವ ಕ್ಷಣದಲ್ಲಿ ಯಾವ ಓಣಿಯೆಂಬುದು ಜೋಡಿಯಾದ ಎರಡು ಉಪಕರಣಗಳಿಗೂ ಗೊತ್ತು. ಇಂಥ ಜಿಗಿತದ ಕಲ್ಪನೆ ಹಳೆಯದು. ಹಾಲಿವುಡ್ಡಿನ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಎಂಬವರು ನೌಕಾಯುದ್ಧದ ಟಾರ್ಪೆಡೊಗಳನ್ನು ಶತ್ರುವಿನ ತಡೆಯಿಲ್ಲದೆ ನಡೆಸಲು 88 ಆವೃತ್ತಿಗಳ ನಡುವೆ ಜಿಗಿಯುವ ಉಪಾಯವನ್ನು ಸೂಚಿಸಿ 1942ರಲ್ಲಿ ಪೇಟೆಂಟು ಪಡೆದಿದ್ದರು. ಪಿಯಾನೊ ವಾದ್ಯದ ಮನೆಗಳೂ 88 ಎಂಬುದನ್ನು ಇಲ್ಲಿ ನೆನೆಯಬಹುದು.

2003ರಲ್ಲಿ ಬಂದ ಬ್ಲೂಟೂತ್ ಆವೃತ್ತಿ 1.2ರಲ್ಲಿ ಇನ್ನೊಂದು ಜಾಣತನ ಸೇರಿತು: ಗದ್ದಲವಿರುವ ಓಣಿಗಳನ್ನು ಗುರುತಿಸಿ ಅವುಗಳನ್ನು ಬಿಟ್ಟು ಜಿಗಿಯುವುದು. ಆದರೆ ಇದಕ್ಕೂ ಮಿತಿಯುಂಟು. ಒಂದು ವೈಫೈ ರೌಟರು ಸುಮಾರು 20 ಮೆಗಾಹರ್ಟ್ಸ್ ಅಗಲವನ್ನು ಆಕ್ರಮಿಸುತ್ತದೆ. ಪಕ್ಕಪಕ್ಕದ ಮೂರು ಮನೆಗಳ ರೌಟರುಗಳು 1, 6, 11ನೆಯ ಚಾನೆಲುಗಳಲ್ಲಿ ಕುಳಿತವೆನ್ನೋಣ. 79ರಲ್ಲಿ ಸುಮಾರು 60 ಓಣಿಗಳು ಹೋದವು. ಉಳಿದವು 20ರ ಆಸುಪಾಸು. ಆ 20ರಲ್ಲಿಯೇ ಮನೆಯ ಇಯರ್‌ಫೋನು, ಮೌಸು, ಕಂಟ್ರೋಲರು ಎಲ್ಲವೂ ಓಡಾಡಬೇಕು. ಶಕ್ತಿಯಲ್ಲಿಯೂ ಸಮಾನತೆಯಿಲ್ಲ. ಸಾಮಾನ್ಯ ಬ್ಲೂಟೂತ್ ಉಪಕರಣದ ಪ್ರಸಾರಶಕ್ತಿ ಸುಮಾರು 2.5 ಮಿಲಿವಾಟ್, ಮನೆಯ ರೌಟರಿನದು 100 ಮಿಲಿವಾಟ್ ಇರಬಹುದು. ನಲವತ್ತು ಪಟ್ಟು ಗಟ್ಟಿ ದನಿಯವನ ಪಕ್ಕದಲ್ಲಿ ಪಿಸುಮಾತು ಆಡಿದಂತೆ ಇದು.

ಗೋಲಗುಮ್ಮಟದ ಪಾಠ

ವಿಜಯಪುರದ ಗೋಲಗುಮ್ಮಟವನ್ನು ನೋಡದ ವಿದ್ಯಾರ್ಥಿ ಈ ತಾಲೂಕುಗಳಲ್ಲಿ ವಿರಳ. 1656ರ ಸುಮಾರಿಗೆ ಮುಗಿದ ಆ ಕಟ್ಟಡದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಪ್ರತಿಧ್ವನಿಸುತ್ತದೆ. ಶಬ್ದವು ಗುಮ್ಮಟದ ಒಳಮೈಗೆ ಬಡಿದು ಬೇರೆ ಬೇರೆ ದಾರಿಗಳಿಂದ ತಡವಾಗಿ ನಮ್ಮ ಕಿವಿಗೆ ಮರಳುವುದೇ ಇದಕ್ಕೆ ಕಾರಣ.

ರೇಡಿಯೊ ತರಂಗಗಳೂ ಹೀಗೆಯೇ ಪ್ರತಿಫಲಿಸುತ್ತವೆ. ಕಂಟ್ರೋಲರಿನ ಸಂದೇಶವು ನೇರವಾಗಿಯೂ, ಗೋಡೆಗೆ ಬಡಿದೂ, ಕಬ್ಬಿಣದ ತಿಜೋರಿಗೆ ಬಡಿದೂ ಕಂಪ್ಯೂಟರನ್ನು ಮುಟ್ಟುತ್ತದೆ. ವ್ಯತ್ಯಾಸವಿಷ್ಟೆ: ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ ಗುಮ್ಮಟದಲ್ಲಿ ಪ್ರತಿಧ್ವನಿ ಬೇರೆಯಾಗಿ ಕೇಳುತ್ತದೆ. ರೇಡಿಯೊ ತರಂಗದ ವೇಗ ಅದಕ್ಕಿಂತ ಸುಮಾರು ಒಂಬತ್ತು ಲಕ್ಷ ಪಟ್ಟು ಹೆಚ್ಚು. ಆದ್ದರಿಂದ ಕೋಣೆಯೊಳಗಿನ ಪ್ರತಿಧ್ವನಿಗಳು ನೇರ ತರಂಗದೊಡನೆಯೇ ಬೆರೆತುಬಿಡುತ್ತವೆ. ಉಬ್ಬಿಗೆ ಉಬ್ಬು ಕೂಡಿದಲ್ಲಿ ಸಂದೇಶ ಬಲಗೊಳ್ಳುತ್ತದೆ; ಉಬ್ಬಿಗೆ ತಗ್ಗು ಕೂಡಿದಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ತರಂಗದೂರ 12 ಸೆಂಟಿಮೀಟರಾದುದರಿಂದ ಬಲದ ತಾಣಕ್ಕೂ ದುರ್ಬಲ ತಾಣಕ್ಕೂ ನಡುವಿನ ಅಂತರ ಕೆಲವೇ ಸೆಂಟಿಮೀಟರು. ಕುಳಿತಲ್ಲಿಂದ ಒಂದು ಗೇಣು ಸರಿದರೆ ಕಂಟ್ರೋಲರು ಸರಿಹೋಗುವುದುಂಟು. ಅದು ಜಾದೂ ಅಲ್ಲ, ತರಂಗಗಳ ವ್ಯತಿಕರಣ, ಪಿ.ಯು.ಸಿ. ಪುಸ್ತಕದಲ್ಲಿ ಓದಿದ ಪಾಠವೇ ಕೈಯಲ್ಲಿ ಬಂದು ನಿಂತದ್ದು.

ತಡೆಗಳ ವಿಷಯವೂ ಇಲ್ಲಿಯೇ ಬರುತ್ತದೆ. ಲೋಹವು ಈ ತರಂಗಗಳನ್ನು ಒಳಗೆ ಬಿಡದೆ ಹಿಂದಕ್ಕೆ ಅಟ್ಟುತ್ತದೆ. ಕಂಪ್ಯೂಟರಿನ ಪೆಟ್ಟಿಗೆ ತಗಡಿನದು; ಬ್ಲೂಟೂತ್ ಅಡಾಪ್ಟರನ್ನು ಅದರ ಹಿಂಬದಿಗೆ ಚುಚ್ಚಿ ಮುಂದೆ ಕುಳಿತು ಆಡುವವನು ಸ್ವತಃ ಒಂದು ತಗಡಿನ ಗೋಡೆಯನ್ನು ಕಟ್ಟಿಕೊಂಡಂತಾಯಿತು. ಪತ್ರಾಸಿನ ಮಾಡು, ಕಾಳು ತುಂಬಿದ ತಗಡಿನ ಡಬ್ಬಿಗಳು, ದಪ್ಪ ಕರಿಕಲ್ಲಿನ ಗೋಡೆ ಇವೆಲ್ಲವೂ ತಮ್ಮ ತಮ್ಮ ಪಾಲಿನ ತಡೆಯನ್ನು ಒಡ್ಡುತ್ತವೆ. ಮನುಷ್ಯದೇಹದಲ್ಲಿ ನೀರೇ ಹೆಚ್ಚು; ನೀರು ಈ ಆವೃತ್ತಿಯ ಶಕ್ತಿಯನ್ನು ಹೀರುತ್ತದೆ. ಆಟ ನೋಡಲು ಗೆಳೆಯರು ನಡುವೆ ಬಂದು ಕುಳಿತಾಗಲೇ ಸಂಬಂಧ ಕಡಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಮನೆಯೊಳಗಿನ ವೈರಿ

ಎಲ್ಲಕ್ಕಿಂತ ವಿಚಿತ್ರವಾದ ಕಾರಣವೊಂದು ಕಂಪ್ಯೂಟರಿನ ಮೈಯಲ್ಲೇ ಅಡಗಿರುತ್ತದೆ. ಯುಎಸ್‌ಬಿ 3.0 ಎಂಬ ವೇಗದ ಕಿಂಡಿಯಲ್ಲಿ ಸೆಕೆಂಡಿಗೆ 500 ಕೋಟಿ ಬಿಟ್‌ಗಳು ಹರಿಯುತ್ತವೆ. ಇಷ್ಟು ವೇಗವಾಗಿ ಏರಿಳಿಯುವ ವಿದ್ಯುತ್ತು ತಾನೇ ರೇಡಿಯೊ ಗದ್ದಲವನ್ನು ಚೆಲ್ಲುತ್ತದೆ, ಮತ್ತು ಆ ಗದ್ದಲದ ವ್ಯಾಪ್ತಿಯೊಳಗೆ 2.4 ಗಿಗಾಹರ್ಟ್ಸ್ ಪಟ್ಟಿಯೂ ಸೇರುತ್ತದೆ. ಇಂಟೆಲ್ ಸಂಸ್ಥೆಯು 2012ರಲ್ಲಿ ಈ ವಿಷಯವನ್ನು ಅಳತೆಗಳೊಡನೆ ಪ್ರಕಟಿಸಿತು. ಬಾಹ್ಯ ಹಾರ್ಡ್ ಡಿಸ್ಕನ್ನು ಜೋಡಿಸಿದ ಕಿಂಡಿಯ ಪಕ್ಕದಲ್ಲಿಯೇ ಕಂಟ್ರೋಲರಿನ ಅಡಾಪ್ಟರು ಇದ್ದರೆ, ದೊಡ್ಡ ಕಡತವನ್ನು ನಕಲು ಮಾಡುವಾಗಲೆಲ್ಲ ಕಂಟ್ರೋಲರು ತೊದಲುವುದು ಇದರಿಂದ. ಪರಿಹಾರ ಸುಲಭ. ಒಂದು ಸಾಧಾರಣ ಎಕ್ಸ್‌ಟೆನ್ಷನ್ ಕೇಬಲಿನಿಂದ ಅಡಾಪ್ಟರನ್ನು ಒಂದೆರಡು ಮೊಳ ದೂರಕ್ಕೆ, ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟರೆ ತಗಡಿನ ತಡೆಯೂ ಹೋಯಿತು, ಗದ್ದಲವೂ ಇಳಿಯಿತು.

ಎರಡನೆಯ ವೈರಿ ಬ್ಯಾಟರಿ. ಹಳೆಯ ಬ್ಯಾಟರಿಯ ಆಂತರಿಕ ರೋಧ ಹೆಚ್ಚಿರುತ್ತದೆ. ಉದಾಹರಣೆಗೆ ಆ ರೋಧ 2 ಓಮ್ ಇದ್ದು, ಕಂಟ್ರೋಲರಿನೊಳಗಿನ ನಡುಗುವ ಮೋಟಾರು 0.3 ಆಂಪಿಯರ್ ಎಳೆದರೆ, ಓಮನ ನಿಯಮದಂತೆ 0.6 ವೋಲ್ಟ್ ಒಳಗೇ ಇಳಿದುಹೋಗುತ್ತದೆ. ಉಳಿದ ವಿಭವ ರೇಡಿಯೊ ಭಾಗಕ್ಕೆ ಸಾಲದೆ ಅದು ನಿಂತುಬಿಡಬಹುದು. ಆಟದಲ್ಲಿ ಸ್ಫೋಟವಾಗಿ ಕಂಟ್ರೋಲರು ನಡುಗಿದಾಗಲೇ ಸಂಬಂಧ ಕಡಿದರೆ ಮೊದಲು ಬ್ಯಾಟರಿಯನ್ನು ಸಂಶಯಿಸಬೇಕು.

ಮೂರನೆಯದು ನೆನಪಿನ ತೊಂದರೆ. ಎರಡು ಬ್ಲೂಟೂತ್ ಉಪಕರಣಗಳು ಮೊದಲ ಸಲ ಜೋಡಿಯಾದಾಗ ಒಂದು ಗುಪ್ತ ಸಂಖ್ಯೆಯನ್ನು ಗೊತ್ತುಮಾಡಿ ಎರಡೂ ಕಡೆ ಬರೆದಿಟ್ಟುಕೊಳ್ಳುತ್ತವೆ. ಹಲವು ಕಂಟ್ರೋಲರುಗಳು ಒಬ್ಬನೇ ಯಜಮಾನನನ್ನು ನೆನಪಿಡುತ್ತವೆ. ನಡುವೆ ಅದನ್ನು ಮೊಬೈಲಿಗೆ ಜೋಡಿಸಿದರೆ ಕಂಟ್ರೋಲರಿನ ಸಂಖ್ಯೆ ಬದಲಾಗುತ್ತದೆ, ಕಂಪ್ಯೂಟರಿನಲ್ಲಿ ಹಳೆಯದೇ ಉಳಿಯುತ್ತದೆ. ಬೀಗ ಬದಲಾದ ಮನೆಗೆ ಹಳೆಯ ಕೀಲಿಕೈ ಹಿಡಿದು ಬಂದಂತೆ. ಆಗ ಕಂಪ್ಯೂಟರಿನ ಪಟ್ಟಿಯಿಂದ ಅದರ ಹೆಸರನ್ನು ತೆಗೆದುಹಾಕಿ ಹೊಸದಾಗಿ ಜೋಡಿಸಬೇಕು. ಇದಲ್ಲದೆ, ವಿದ್ಯುತ್ ಉಳಿಸಲು ಕಂಪ್ಯೂಟರೇ ಬ್ಲೂಟೂತ್ ಅಡಾಪ್ಟರನ್ನು ನಿದ್ರೆಗೆ ಕಳುಹಿಸುವುದೂ ಉಂಟು; ವಿಂಡೋಸ್ ವ್ಯವಸ್ಥೆಯ ಡಿವೈಸ್ ಮ್ಯಾನೇಜರಿನಲ್ಲಿ ಆ ಅನುಮತಿಯನ್ನು ತೆಗೆಯಬಹುದು.

ಪರೀಕ್ಷೆಯ ಕ್ರಮ

ಕಾರಣಗಳು ಇಷ್ಟಿರುವಲ್ಲಿ ನಿಜವಾದುದನ್ನು ಹಿಡಿಯುವುದು ಹೇಗೆ? ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಒಂದು ಸಲಕ್ಕೆ ಒಂದನ್ನೇ ಬದಲಿಸು, ಫಲವನ್ನು ಬರೆದಿಡು.

ಮೊದಲು ಕಂಟ್ರೋಲರನ್ನು ತಂತಿಯಿಂದ ಜೋಡಿಸಿ ಆಡಿ ನೋಡಬೇಕು. ಆಗ ಸರಿಯಾಗಿ ನಡೆದರೆ ಗುಂಡಿಗಳೂ ಆಟವೂ ನಿರ್ದೋಷಿಗಳು. ದೋಷವು ರೇಡಿಯೊ ಹಾದಿಯಲ್ಲಿ, ಬ್ಯಾಟರಿಯಲ್ಲಿ ಅಥವಾ ಜೋಡಣೆಯಲ್ಲಿದೆ. ತಂತಿಯಿಂದಲೂ ನಡೆಯದಿದ್ದರೆ ಬೇರೆ ತಂತಿಯನ್ನು ಹಾಕಬೇಕು, ಏಕೆಂದರೆ ಕೆಲವು ಅಗ್ಗದ ತಂತಿಗಳಲ್ಲಿ ಚಾರ್ಜಿಗೆ ಬೇಕಾದ ಎಳೆಗಳು ಮಾತ್ರ ಇದ್ದು ಸಂದೇಶದ ಎಳೆಗಳೇ ಇರುವುದಿಲ್ಲ. ಎರಡನೆಯದಾಗಿ ಬ್ಯಾಟರಿಯನ್ನು ತುಂಬಿಸಿ ಅಥವಾ ಬದಲಿಸಿ ನೋಡಬೇಕು. ಮೂರನೆಯದಾಗಿ ಅಡಾಪ್ಟರಿನಿಂದ ಒಂದು ಮೊಳ ದೂರದಲ್ಲಿ ಕುಳಿತು ಆಡಬೇಕು. ಹತ್ತಿರದಲ್ಲಿ ಸರಿಯಿದ್ದು ದೂರದಲ್ಲಿ ಕೆಟ್ಟರೆ ಅಡಾಪ್ಟರಿನ ಸ್ಥಳ ಬದಲಾಗಬೇಕು. ನಾಲ್ಕನೆಯದಾಗಿ ರೌಟರನ್ನೂ ಇತರ ಬ್ಲೂಟೂತ್ ಸಾಮಾನುಗಳನ್ನೂ ಒಂದೊಂದಾಗಿ ಆರಿಸಬೇಕು. ರೌಟರೇ ಕಾರಣವೆಂದು ಗೊತ್ತಾದರೆ, ಅದು 5 ಗಿಗಾಹರ್ಟ್ಸ್ ಬಲ್ಲುದಾದರೆ, ಅದನ್ನು ಆ ಪಟ್ಟಿಗೆ ಏರಿಸಬೇಕು. ಕೊನೆಗೆ ಹಳೆಯ ಜೋಡಣೆಯನ್ನು ಅಳಿಸಿ ಹೊಸದಾಗಿ ಜೋಡಿಸುವುದು. ಇಷ್ಟಾದರೂ ಸರಿಹೋಗದಿದ್ದರೆ ಆಗ ಕಂಟ್ರೋಲರು ಕೆಟ್ಟಿದೆಯೆಂದು ಹೇಳುವ ಅಧಿಕಾರ ನಮಗೆ ಬರುತ್ತದೆ.

ಟವರಿನ ಮೇಲಿನ ಆರೋಪವೇನಾಯಿತು? ಮೊಬೈಲ್ ಕಂಪನಿಗಳಿಗೆ ಕೊಟ್ಟ ಆವೃತ್ತಿಗಳಲ್ಲಿ 2300 ಮೆಗಾಹರ್ಟ್ಸ್ ಪಟ್ಟಿಯು ನಮ್ಮ ಗಾಯರಾಣದ ಬೇಲಿಗೆ ಹತ್ತಿರವೇ ಇದೆ. ಆದರೆ ನಡುವಿನ ಬೇಲಿಯನ್ನು ಉಪಕರಣಗಳೊಳಗಿನ ಶೋಧಕಗಳು ಕಾಯುತ್ತವೆ. ಮೇಲಿನ ಪರೀಕ್ಷೆಗಳನ್ನೆಲ್ಲ ಮುಗಿಸುವ ಮೊದಲು ದೂರದ ಟವರನ್ನು ದೂಷಿಸುವುದು ಕುಣಿಯಲಾರದವಳು ನೆಲ ಡೊಂಕೆಂದಂತೆ.

ಇನ್ನೊಂದು ಮಾತು. ನಮ್ಮ ರೌಟರಿನ ಗದ್ದಲ ನೆರೆಯವನ ಕಂಟ್ರೋಲರಿಗೆ ಕಂಟಕ; ಅವನದು ನಮಗೆ. ಗಾಯರಾಣದಲ್ಲಿ ಒಬ್ಬನೇ ನೂರು ದನಗಳನ್ನು ಬಿಟ್ಟರೆ ಊರಿಗೆ ಹುಲ್ಲು ಉಳಿಯುವುದಿಲ್ಲ. ಅಲುಗಾಡದೆ ಒಂದೆಡೆ ಕೂರುವ ಕಂಪ್ಯೂಟರಿಗೆ ರೌಟರಿನಿಂದ ತಂತಿಯನ್ನೇ ಎಳೆದರೆ ಗಾಳಿಯಲ್ಲಿ ಅಷ್ಟು ಜಾಗ ತೆರವಾಗುತ್ತದೆ. ಆ ತೆರವಾದ ಜಾಗದಲ್ಲಿ ನಮ್ಮ ಕಂಟ್ರೋಲರೂ ಉಸಿರಾಡುತ್ತದೆ, ನೆರೆಮನೆಯ ಹುಡುಗನದೂ ಉಸಿರಾಡುತ್ತದೆ. ವಿದ್ಯಾರ್ಥಿಮಿತ್ರರು ಈ ಪರೀಕ್ಷೆಗಳನ್ನು ತಮ್ಮ ಮನೆಯಲ್ಲಿ ಕ್ರಮವಾಗಿ ಮಾಡಿ, ಫಲವನ್ನು ಪುಸ್ತಕದಲ್ಲಿ ಗುರುತುಮಾಡಿಕೊಳ್ಳಲಿ. ಕಂಟ್ರೋಲರೂ ಸರಿಹೋದೀತು, ತರಂಗಶಾಸ್ತ್ರದ ಪರಿಚಯವೂ ಆದೀತು.