ಮಾರಿಷಸ್‌ನ ಎಕೋ ಗಿಳಿ

ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪವನ್ನು ಬಿಟ್ಟರೆ ಎಕೋ ಗಿಳಿ ಜಗತ್ತಿನ ಬೇರೆಲ್ಲೂ ಕಾಣಸಿಗದು. ಮಾರಿಷಸ್, ರೀಯೂನಿಯನ್ ಮತ್ತು ರೊಡ್ರಿಗಸ್ ದ್ವೀಪಗಳಲ್ಲಿ ಹಿಂದೆ ಹಲವು ಬಗೆಯ ಗಿಳಿಗಳಿದ್ದವು. ಮನುಷ್ಯರು ನೆಲೆಸಿದ ಮೇಲೆ ಡೋಡೋ ಹಕ್ಕಿಯಂತೆ ಅವೂ ಒಂದೊಂದಾಗಿ ಅಳಿದವು. ಆ ದ್ವೀಪಗಳ ಮೂಲ ಗಿಳಿಗಳಲ್ಲಿ ಇಂದಿಗೂ ಉಳಿದಿರುವುದು ಇದೊಂದೇ.

ಕರ್ನಾಟಕದ ಹೊಲ, ತೋಟಗಳಲ್ಲಿ ತೆನೆಗೂ ಹಣ್ಣಿಗೂ ಎರಗುವ ಕೊರಳಪಟ್ಟಿಯ ಗಿಳಿಗೆ ಇದು ಹತ್ತಿರದ ನೆಂಟ. ಆದರೆ ಎಕೋ ಗಿಳಿಯ ಹಸಿರು ಹೆಚ್ಚು ಗಾಢ, ಮೈಕಟ್ಟು ದಪ್ಪ, ಬಾಲ ಗಿಡ್ಡ. ಗಂಡಿನ ಮೇಲ್ಗೊಕ್ಕು ಕೆಂಪು. ಕೊರಳಿನ ಸುತ್ತ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿ ಇರುತ್ತದೆ. ಹೆಣ್ಣಿನ ಕೊಕ್ಕು ಕಪ್ಪು. ಇದು ನೆಲಕ್ಕಿಳಿಯುವುದು ಅಪರೂಪ. ಮರದ ತುದಿಯಲ್ಲೇ ಹಣ್ಣು, ಎಲೆ, ಹೂವು, ಮೊಗ್ಗು, ತೊಗಟೆ ತಿನ್ನುತ್ತ ಕಾಲ ಕಳೆಯುತ್ತದೆ. ಹಳೆಯ ಮರಗಳ ಪೊಟರೆಯಲ್ಲಿ 2ರಿಂದ 4 ಮೊಟ್ಟೆ ಇಡುತ್ತದೆ. ಸುಮಾರು ಮೂರು ವಾರ ಕಾವು ಕೊಡುತ್ತದೆ.

ಊಟಕ್ಕೂ ಗೂಡಿಗೂ ಹಳೆಯ ಕಾಡನ್ನೇ ನೆಚ್ಚಿದ ಹಕ್ಕಿಗೆ ಕಾಡು ಕರಗಿದ್ದೇ ಮೊದಲ ಪೆಟ್ಟು. ಕಬ್ಬಿನ ಗದ್ದೆಗಳಿಗಾಗಿ ಹಾಗೂ ಮುಂದೆ ಪೈನ್ ನೆಡುತೋಪುಗಳಿಗಾಗಿ ಮರಗಳನ್ನು ಕಡಿದದ್ದರಿಂದ ದ್ವೀಪದಲ್ಲಿ ಉತ್ತಮ ಸ್ಥಿತಿಯ ಮೂಲ ಕಾಡು ಶೇ. 2ಕ್ಕಿಂತ ಕಡಿಮೆ ಉಳಿಯಿತು. ಉಳಿದ ಕಾಡಿಗೂ ಹೊರಗಿನಿಂದ ತಂದ ಕಾಡುಸೀಬೆಯಂಥ ಗಿಡಗಳು ನುಗ್ಗಿ, ಸ್ಥಳೀಯ ಮರಗಳ ಸಸಿಗಳು ಮೇಲೇಳದಂತೆ ಮಾಡಿದವು. ಹಡಗುಗಳೊಂದಿಗೆ ಬಂದ ಇಲಿಗಳೂ ಕೋತಿಗಳೂ ಮೊಟ್ಟೆ, ಮರಿಗಳನ್ನು ತಿಂದವು. 1886ರ ಸುಮಾರಿಗೆ ದ್ವೀಪಕ್ಕೆ ಬಂದು ಸೇರಿದ ಕೊರಳಪಟ್ಟಿಯ ಗಿಳಿಗಳೂ ಹೊರಗಿನಿಂದ ತಂದ ಮೈನಾ ಹಕ್ಕಿಗಳೂ ಇದ್ದ ಕೆಲವೇ ಪೊಟರೆಗಳಿಗೆ ಪೈಪೋಟಿ ನಡೆಸಿದವು. ಚಂಡಮಾರುತ ಬೀಸಿದಾಗಲೆಲ್ಲ ಹಣ್ಣು ಉದುರಿ, ಗೂಡಿನ ಮರಗಳು ಉರುಳಿದವು. 1980ರ ದಶಕದ ಹೊತ್ತಿಗೆ ಕಾಡಿನಲ್ಲಿ ಉಳಿದಿದ್ದ ಎಕೋ ಗಿಳಿಗಳು ಹತ್ತರ ಆಸುಪಾಸು.

ಬ್ರಿಟನ್ನಿನ ವೇಲ್ಸ್ ಮೂಲದ ಜೀವವಿಜ್ಞಾನಿ ಕಾರ್ಲ್ ಜೋನ್ಸ್, ಮಾರಿಷಸ್ ವನ್ಯಜೀವಿ ಪ್ರತಿಷ್ಠಾನ ಹಾಗೂ ಅಲ್ಲಿನ ಸರ್ಕಾರ ಈ ಹಕ್ಕಿಯ ರಕ್ಷಣೆಗೆ ಮುಂದಾದರು. ಮರಿಗಳು ಸಾಯುವ ಕಾರಣಗಳನ್ನು ಒಂದೊಂದಾಗಿ ಪತ್ತೆಹಚ್ಚಿ ಪರಿಹರಿಸುವುದು ಅವರ ವಿಧಾನ. ಗೂಡಿನ ಮರಕ್ಕೆ ಇಲಿ ಹತ್ತದಂತೆ ಕಾಂಡದ ಸುತ್ತ ನುಣುಪು ತಗಡು ಬಿಗಿದರು. ಮರಿಗಳ ರಕ್ತ ಹೀರುವ ನೊಣದ ಹುಳುಗಳನ್ನು ಕೊಲ್ಲಲು ಗೂಡಿಗೆ ಔಷಧ ಹಾಕಿದರು. ಪೊಟರೆಗಳಿಗೆ ಮಳೆನೀರು ಇಳಿಯದಂತೆ ದುರಸ್ತಿ ಮಾಡಿದರು. ಕಾಡಿನಲ್ಲಿ ಹಣ್ಣು ಕಡಿಮೆಯಾದಾಗ ಹಕ್ಕಿಗಳಿಗೆ ಆಹಾರ ಇಟ್ಟರು, ಮರಗೂಡುಗಳನ್ನೂ ಕಟ್ಟಿದರು.

ಒಂದು ಗೂಡಿನಲ್ಲಿ ಹಲವು ಮರಿಗಳು ಹುಟ್ಟಿದರೂ ಸಾಮಾನ್ಯವಾಗಿ ಒಂದೇ ಬದುಕುತ್ತಿತ್ತು. ಸಾಯಲಿದ್ದ ಉಳಿದ ಮರಿಗಳನ್ನು ಎತ್ತಿ ತಂದು, ಗುಟುಕು ಕೊಟ್ಟು ಬೆಳೆಸಲಾಯಿತು. ಹೀಗೆ ಬೆಳೆದ ಹಕ್ಕಿಗಳನ್ನು 1997ರಿಂದ ಬ್ಲ್ಯಾಕ್ ರಿವರ್ ಗಾರ್ಜಸ್ ರಾಷ್ಟ್ರೀಯ ಉದ್ಯಾನದಲ್ಲಿ ಬಿಡತೊಡಗಿದರು. ಮನುಷ್ಯರ ಆರೈಕೆಯಲ್ಲಿ ಬೆಳೆದ ಈ ಗಿಳಿಗಳು ಮರಗೂಡುಗಳಿಗೆ ಹೊಂದಿಕೊಂಡು, ಅವುಗಳಲ್ಲೇ ಮರಿ ಮಾಡಿದವು.

2005ರ ಹೊತ್ತಿಗೆ ಕೊಕ್ಕು ಮತ್ತು ಗರಿಗಳನ್ನು ಕೆಡಿಸುವ ವೈರಸ್ ರೋಗ ಕಾಣಿಸಿಕೊಂಡು ಆತಂಕ ತಂದಿತು. ಅದನ್ನೂ ದಾಟಿ ಗಿಳಿಗಳ ಸಂಖ್ಯೆ ಏರಿತು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದನ್ನು 2007ರಲ್ಲಿ 'ತೀವ್ರ ಅಪಾಯ'ದ ವರ್ಗದಿಂದ 'ಅಪಾಯ'ದ ವರ್ಗಕ್ಕೆ ಇಳಿಸಲಾಯಿತು. ಕಾಡಿನ ಗಿಳಿಗಳು 700 ದಾಟಿದ ಮೇಲೆ, 2019ರಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗಿನ 'ದುರ್ಬಲ' ವರ್ಗಕ್ಕೆ ಸೇರಿಸಲಾಯಿತು.

ಇವೆಲ್ಲ ಬೆರಳೆಣಿಕೆಯ ಹಕ್ಕಿಗಳ ಸಂತಾನ. ಆದ್ದರಿಂದ ರೋಗ ಹರಡಿದರೆ ಅಥವಾ ದೊಡ್ಡ ಚಂಡಮಾರುತ ಬೀಸಿದರೆ ಇಡೀ ಸಂತತಿಗೇ ಕುತ್ತು. ಹಾಗಾಗಿ ದ್ವೀಪದ ಪೂರ್ವದ ಬೆಟ್ಟಗಳಲ್ಲಿ ಗಿಳಿಗಳಿಗೆ ಎರಡನೆಯ ನೆಲೆ ಕಲ್ಪಿಸಲಾಗಿದೆ. ಹೊರಗಿನ ಗಿಡಗಳನ್ನು ಕಿತ್ತು ಸ್ಥಳೀಯ ಮರಗಳನ್ನು ಬೆಳೆಸುವ ಕೆಲಸವೂ ಸಾಗಿದೆ. ಆ ಮರಗಳು ದೊಡ್ಡವಾಗಿ ಹಣ್ಣೂ ಪೊಟರೆಯೂ ಕೊಡುವವರೆಗೆ, ಇಟ್ಟ ಆಹಾರ ಮತ್ತು ಕಟ್ಟಿದ ಗೂಡುಗಳೇ ಈ ಗಿಳಿಗಳಿಗೆ ಆಸರೆ.